ಪಡಿತರ ಚೀಟಿಯಿಲ್ಲದ ನಾಡಿನಲ್ಲಿ



ರಾಜ್ಯೋತ್ಸವದ ಸಮಾರಂಭಗಳಲ್ಲಿ ಸಭಾಂಗಣದ ಬಾಗಿಲ ಬಳಿ ದೊಡ್ಡದೊಂದು ಪೆಟ್ಟಿಗೆಯನ್ನಿರಿಸಿ, ಸದಸ್ಯರು ತಂದ ಡಬ್ಬಿ ಆಹಾರವನ್ನು ಸಂಗ್ರಹಿಸಿ ಫುಡ್‌ಬ್ಯಾಂಕಿಗೆ ತಲುಪಿಸುವ ಪದ್ಧತಿ ಆಸ್ಟ್ರೇಲಿಯದ ಅನೇಕ ಭಾರತೀಯ ಸಂಘಗಳಲ್ಲಿದೆ. ಪೆಟ್ಟಿಗೆ ತುಂಬುತ್ತದೆ, ಭಾವಚಿತ್ರ ತೆಗೆಯಲಾಗುತ್ತದೆ, ಸುದ್ದಿಪತ್ರದಲ್ಲಿ ಅಚ್ಚಾಗುತ್ತದೆ. ಒಳ್ಳೆಯ ಕೆಲಸವೇ, ಸಂದೇಹವಿಲ್ಲ. ಆದರೆ ಆ ಪೆಟ್ಟಿಗೆಯ ಪಕ್ಕದಲ್ಲಿ ಹಾದು ಹೋದವರಲ್ಲಿ ಯಾರಿಗೆ ಆ ಡಬ್ಬಿಗಳು ಬೇಕಾಗಿದ್ದವು, ಊಟದ ಟಿಕೆಟ್ಟಿನ ದರವನ್ನು ಕಂಡು ಅಂದು ಮನೆಯಲ್ಲಿಯೇ ಉಳಿದವರು ಯಾರು ಎಂಬ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ. ಹಸಿವೆಂಬುದು ಬೇರೆಯವರ ಮನೆಯಲ್ಲಿರುವ ಸಂಗತಿ ಎಂದು ಭಾವಿಸಲಾಗಿದೆ. ವೈದ್ಯರಾದ ನಮಗೆ ಹಾಗೆ ಭಾವಿಸುವ ಅನುಕೂಲವಿಲ್ಲ.

ಫುಡ್‌ಬ್ಯಾಂಕ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವಾರ್ಷಿಕ ವರದಿಯ ಪ್ರಕಾರ ಈ ದೇಶದಲ್ಲಿ 37 ಲಕ್ಷ ಕುಟುಂಬಗಳು, ಅಂದರೆ ನೂರಕ್ಕೆ 36ರಷ್ಟು, ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಆಹಾರದ ಅಭದ್ರತೆಯನ್ನು ಅನುಭವಿಸಿದ್ದವು. ಮರುವರ್ಷ ಅದು 34 ಲಕ್ಷಕ್ಕೆ ಇಳಿಯಿತು. ಮಾಸನ್ ಲೇಕ್ಸಿನ ಕೆರೆದಂಡೆಯಲ್ಲಿ ಸಂಜೆಯ ವಾಯುವಿಹಾರಕ್ಕೆ ಹೋಗುವವರಿಗೆ ಈ ಅಂಕಿಗಳು ನಂಬಲಾಗದವೆನಿಸಬಹುದು. ಅಚ್ಚುಕಟ್ಟಾದ ಮನೆಗಳು, ಸಾಫ್ಟ್‌ವೇರ್ ಮತ್ತು ರಕ್ಷಣಾ ಕಂಪನಿಗಳ ಟೆಕ್ನಾಲಜಿ ಪಾರ್ಕ್, ಹತ್ತಿರದಲ್ಲೇ ವಿಶ್ವವಿದ್ಯಾಲಯ. ಆದರೆ ಅದೇ ವಿಶ್ವವಿದ್ಯಾಲಯದ ಆವರಣಕ್ಕೆ ಓದಲು ಬರುವ ಮಕ್ಕಳು ಒಂದೊಂದು ಮನೆಯಲ್ಲಿ ಆರೇಳು ಮಂದಿಯಂತೆ ಬಾಡಿಗೆ ಹಂಚಿಕೊಂಡು ವಾಸಿಸುತ್ತಾರೆ. ಅವರಲ್ಲಿ ನಮ್ಮ ಹಾಸನ, ದಾವಣಗೆರೆ, ಕಲಬುರಗಿಯ ಮಕ್ಕಳೂ ಇದ್ದಾರೆ.

ಹೊಟ್ಟೆ ತುಂಬ ಉಂಡಿರಾ ಎಂದು ನೇರವಾಗಿ ಕೇಳಿದರೆ, ‘ಆಯ್ತು ಡಾಕ್ಟ್ರೇ’ ಎಂಬುದಲ್ಲದೆ ಬೇರೆ ಉತ್ತರ ಬಾರದು. ಆದುದರಿಂದ ವೈದ್ಯರು ಎರಡು ಪ್ರಶ್ನೆಗಳನ್ನು ಬಳಸುವುದುಂಟು. ಕಳೆದ ಹನ್ನೆರಡು ತಿಂಗಳುಗಳಲ್ಲಿ ಮತ್ತೆ ಹಣ ಕೈಗೆ ಬರುವ ಮೊದಲೇ ಮನೆಯ ದಿನಸಿ ಮುಗಿದೀತೆಂಬ ಚಿಂತೆ ಆಗಿತ್ತೇ? ತಂದ ದಿನಸಿ ನಿಜವಾಗಿಯೂ ಸಾಲದೆ ಹೋಗಿ, ಮತ್ತೆ ಕೊಳ್ಳಲು ಹಣವಿಲ್ಲದ ಸಂದರ್ಭವಿತ್ತೇ? ಕನ್ನಡದಲ್ಲಿ, ಮೆಲುದನಿಯಲ್ಲಿ ಕೇಳಿದಾಗ ಕೆಲವರು ತಲೆ ತಗ್ಗಿಸಿ ‘ಹೌದು’ ಎನ್ನುತ್ತಾರೆ.

ದೇಹ ಅದನ್ನು ಮೊದಲೇ ಹೇಳಿರುತ್ತದೆ. ಸಕ್ಕರೆ ಕಾಯಿಲೆಗೆ ಗ್ಲಿಕ್ಲಜೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ರಾತ್ರಿಯ ಊಟ ಬಿಟ್ಟರೆ ಸಕ್ಕರೆಯ ಅಂಶ ಅಪಾಯಕಾರಿಯಾಗಿ ಕುಸಿಯುತ್ತದೆ. ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದು. ಆ ಭಯಕ್ಕೆ ಕೆಲವರು ಔಷಧವನ್ನೇ ನಿಲ್ಲಿಸುತ್ತಾರೆ, ಆಗ ಸಕ್ಕರೆ ಏರುತ್ತದೆ. ಶಾಕಾಹಾರಿ ಮನೆಗಳಲ್ಲಿ ಹಾಲು, ಬೇಳೆ, ತರಕಾರಿಗಳಿಗೆ ಮೊದಲು ಕತ್ತರಿ ಬೀಳುತ್ತದೆ. ಉಳಿಯುವುದು ಅನ್ನ, ಬ್ರೆಡ್ಡು ಮತ್ತು ಎರಡು ನಿಮಿಷದ ನೂಡಲ್ಸ್. ಹೊಟ್ಟೆ ತುಂಬಿದಂತೆ ತೋರಿದರೂ ರಕ್ತದಲ್ಲಿ ಕಬ್ಬಿಣ ಮತ್ತು ಬಿ12 ಇಳಿದಿರುತ್ತವೆ. ಬಡತನ ತೂಕವನ್ನು ಇಳಿಸಲೇಬೇಕೆಂದಿಲ್ಲ, ಹಲವೊಮ್ಮೆ ಏರಿಸುತ್ತದೆ. ಆದುದರಿಂದಲೇ ‘ಚೆನ್ನಾಗಿಯೇ ಇದ್ದಾರಲ್ಲ’ ಎಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಇನ್ನು ತಾಯಂದಿರು. ‘ನನಗೆ ಹಸಿವಿಲ್ಲ, ನೀವು ಉಣ್ಣಿ’ ಎಂದು ಕೊನೆಗೆ ತಾವು ಪಾತ್ರೆಯ ತಳ ಕೆರೆಯುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಬಸುರಿಯೋ ಬಾಣಂತಿಯೋ ಆದ ತಾಯಿ ಹೀಗೆ ಮಾಡಿದಾಗ ಅದರ ಬೆಲೆಯನ್ನು ಮಗುವೂ ತೆರುತ್ತದೆ.

ಊರಿನಲ್ಲಿ ಇಂತಹ ಕುಟುಂಬಕ್ಕೆ ಒಂದು ದಾರಿ ಗೊತ್ತಿತ್ತು. ಪಡಿತರ ಚೀಟಿ ಹಿಡಿದು ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲುವುದು. ಅನ್ನಭಾಗ್ಯ 2013ರ ಜುಲೈ 10ರಂದು ಆರಂಭವಾಯಿತು. ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯಿದೆ ಬಂತು. ಸಾಲು, ಹೆಬ್ಬೆಟ್ಟಿನ ಗುರುತು, ಸರ್ವರ್ ಇಲ್ಲವೆಂಬ ಬೈಗುಳ, ಎಲ್ಲ ತೊಂದರೆಗಳ ನಡುವೆಯೂ ಅಕ್ಕಿ ಹಕ್ಕಾಗಿ ಸಿಗುತ್ತದೆ. ಶಾಲೆಗೆ ಹೋದ ಮಗುವಿಗೆ ಮಧ್ಯಾಹ್ನ ಬಿಸಿಯೂಟವಿದೆ, ಅದಕ್ಕಾಗಿ ತಂದೆಯ ಆದಾಯ ಎಷ್ಟೆಂದು ಮಗುವನ್ನು ಯಾರೂ ಕೇಳುವುದಿಲ್ಲ. ಇಷ್ಟು ಸಿರಿವಂತವಾದ ಆಸ್ಟ್ರೇಲಿಯದಲ್ಲಿ ರಾಷ್ಟ್ರಮಟ್ಟದ ಶಾಲಾ ಊಟದ ಯೋಜನೆಯೇ ಇಲ್ಲ. ಮಗುವಿನ ಡಬ್ಬಿಯನ್ನು ಮನೆಯೇ ತುಂಬಬೇಕು. ಕೆಲವು ಶಾಲೆಗಳಲ್ಲಿ ಸ್ವಯಂಸೇವಕರು ಬೆಳಗಿನ ಉಪಾಹಾರ ನೀಡುತ್ತಾರೆ. ಉಳಿದಂತೆ ಖಾಲಿ ಡಬ್ಬಿ ತಂದ ಮಗು ಹೊಟ್ಟೆನೋವೆಂದು ಹೇಳಿ ಒಂದು ಮೂಲೆಯಲ್ಲಿ ಕುಳಿತಿರುತ್ತದೆ.

ಇಲ್ಲಿಯ ಸರ್ಕಾರ ಅಕ್ಕಿ ಕೊಡುವುದಿಲ್ಲ, ಹಣ ಕೊಡುತ್ತದೆ, ಅದು ಸೆಂಟರ್‌ಲಿಂಕ್. ಆದರೆ ಹೊಸದಾಗಿ ಬಂದ ಖಾಯಂ ನಿವಾಸಿಗೆ ಕೆಲಸ ಕಳೆದುಹೋದರೆ ಜಾಬ್‌ಸೀಕರ್ ಭತ್ಯೆಗೆ ಸಾಮಾನ್ಯವಾಗಿ ನಾಲ್ಕು ವರ್ಷ ಕಾಯಬೇಕು. 2019ರ ಜನವರಿ 1ರಿಂದ ಜಾರಿಗೆ ಬಂದ ನಿಯಮವಿದು. ಅದಕ್ಕೆ ಮೊದಲು ಎರಡು ವರ್ಷವಿತ್ತು. ಕಡಿಮೆ ಆದಾಯದವರ ಹೆಲ್ತ್ ಕೇರ್ ಕಾರ್ಡಿಗೂ ಇದೇ ಕಾಯುವಿಕೆ. ಆ ಕಾರ್ಡು ಇದ್ದವರಿಗೆ ಸರ್ಕಾರದ ರಿಯಾಯಿತಿ ಪಟ್ಟಿಯಲ್ಲಿರುವ ಒಂದು ಔಷಧ 7 ಡಾಲರ್ 70 ಸೆಂಟಿಗೆ ಸಿಗುತ್ತದೆ, ಇಲ್ಲದವರು 2026ರ ಜನವರಿಯಿಂದ 25 ಡಾಲರ್‌ವರೆಗೆ ತೆರಬೇಕು. ವಿದ್ಯಾರ್ಥಿ ವೀಸಾ ಮತ್ತು ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವವರಿಗೆ ಇಂತಹ ಭತ್ಯೆಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇದೆ. 482 ವೀಸಾದವರು ಕೆಲಸ ಕಳೆದುಕೊಂಡರೆ ಹೊಸ ಪ್ರಾಯೋಜಕರನ್ನು ಹುಡುಕಲು 2024ರ ಜುಲೈಯಿಂದ ಒಮ್ಮೆಗೆ 180 ದಿನಗಳ ಅವಕಾಶವಿದೆ. ಆ 180 ದಿನ ಮನೆಯವರು ಏನನ್ನು ತಿನ್ನಬೇಕೆಂಬುದನ್ನು ಆ ನಿಯಮ ಹೇಳುವುದಿಲ್ಲ. ಆದಾಯದ ತೆರಿಗೆಯನ್ನು ಮೊದಲ ಸಂಬಳದಿಂದಲೇ ಮುರಿದುಕೊಂಡು, ಆಪತ್ತಿನ ದಿನ ನಾಲ್ಕು ವರ್ಷ ತಡೆ ಎನ್ನುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಹೀಗೆ ಹೇಳಲು ರಾಜಕೀಯ ಪಕ್ಷವೊಂದರ ಸದಸ್ಯತ್ವ ಬೇಕಾಗಿಲ್ಲ.

ಆದರೂ ‘ನಮಗೇನೂ ಸಿಗುವುದಿಲ್ಲ’ ಎಂದು ಅರ್ಜಿಯನ್ನೇ ಹಾಕದೆ ಕುಳಿತುಕೊಳ್ಳುವುದು ಬೇರೆ ಮಾತು. ಕಾಯುವ ಅವಧಿಯೊಳಗೇ ತಮ್ಮ ಕೈಮೀರಿದ ಕಾರಣದಿಂದ ಪರಿಸ್ಥಿತಿ ತೀರ ಬದಲಾಗಿ ಕಡುಕಷ್ಟಕ್ಕೆ ಬಿದ್ದ ಖಾಯಂ ನಿವಾಸಿಗೆ ‘ಸ್ಪೆಷಲ್ ಬೆನಿಫಿಟ್’ ಎಂಬ ಭತ್ಯೆಯ ಸಾಧ್ಯತೆಯಿದೆ. ಶಿಶುಪಾಲನೆಯ ಸಹಾಯಧನಕ್ಕೆ ಈ ಕಾಯುವ ಅವಧಿಯೇ ಅನ್ವಯಿಸುವುದಿಲ್ಲ. ದಕ್ಷಿಣ ಆಸ್ಟ್ರೇಲಿಯದ ಶಾಲೆಗಳಲ್ಲಿ ಆದಾಯ ಕಡಿಮೆಯಿರುವ ಮನೆಗಳಿಗೆ ‘ಸ್ಕೂಲ್ ಕಾರ್ಡ್’ ಇದೆ. ಒಂದೊಂದಕ್ಕೂ ನಿಯಮ ಬೇರೆ. ಒಂದರಲ್ಲಿ ಇಲ್ಲವೆಂದ ಮಾತ್ರಕ್ಕೆ ಎಲ್ಲದರಲ್ಲಿಯೂ ಇಲ್ಲವೆಂದಲ್ಲ. 131 202 ಸಂಖ್ಯೆಗೆ ಕರೆಮಾಡಿದರೆ ಸೆಂಟರ್‌ಲಿಂಕಿನವರೊಡನೆ ಇಂಗ್ಲಿಷೇತರ ಭಾಷೆಯಲ್ಲಿ ಮಾತನಾಡುವ ವ್ಯವಸ್ಥೆಯಿದೆ. ಉಳಿತಾಯದ ವಿಷಯವೂ ನೆನಪಿರಲಿ: ಒಂಟಿಯಾಗಿರುವವರ ಖಾತೆಯಲ್ಲಿ 5,500 ಡಾಲರ್, ದಂಪತಿಗಳದರಲ್ಲಿ 11,000 ಡಾಲರ್ ತಲುಪಿದ್ದರೆ ಜಾಬ್‌ಸೀಕರ್ ಮತ್ತೂ ಕೆಲವು ವಾರ, ಗರಿಷ್ಠ 13 ವಾರ, ತಡವಾಗಬಹುದು. ಹಣ ಮುಗಿದ ಮೇಲೆ ಅರ್ಜಿ ಹಾಕೋಣವೆಂಬ ಸಂಕೋಚವೇ ಇಲ್ಲಿ ಶತ್ರು. ಅರ್ಜಿ ತಿರಸ್ಕೃತವಾದರೆ ಅದೇ ಇಲಾಖೆಯಲ್ಲಿ ಮರುಪರಿಶೀಲನೆ ಕೋರಬಹುದು. ಅಲ್ಲಿಯೂ ಒಪ್ಪಿಗೆಯಾಗದಿದ್ದರೆ, 2024ರ ಅಕ್ಟೋಬರಿನಲ್ಲಿ ಹೊಸದಾಗಿ ಸ್ಥಾಪನೆಯಾದ ಆಡಳಿತ ಪುನರ್ವಿಮರ್ಶಾ ನ್ಯಾಯಮಂಡಳಿಗೆ ಹೋಗಬಹುದು.

ಇನ್ನು ನೇರವಾಗಿ ಆಹಾರದ ಮಾತು. ಒಕ್ಕೂಟ ಸರ್ಕಾರವು ‘ತುರ್ತು ನೆರವು’ ಎಂಬ ಹೆಸರಿನಲ್ಲಿ ಸಾಲ್ವೇಶನ್ ಆರ್ಮಿ, ಸೇಂಟ್ ವಿನ್ಸೆಂಟ್ ಡಿ ಪಾಲ್, ಆಂಗ್ಲಿಕೇರ್ ಮೊದಲಾದ ಸಂಸ್ಥೆಗಳಿಗೆ ಹಣ ನೀಡುತ್ತದೆ. ಅವರು ದಿನಸಿಯ ಪೊಟ್ಟಣ, ಅಂಗಡಿಯ ವೋಚರ್, ಕೆಲವೊಮ್ಮೆ ವಿದ್ಯುತ್ ಬಿಲ್ಲಿಗೆ ಸಹಾಯ ನೀಡುತ್ತಾರೆ. ಇಲ್ಲಿ ಬಹುಪಾಲು ವೀಸಾ ಯಾವುದೆಂಬುದಕ್ಕಿಂತ ಸಂಕಷ್ಟ ಎಷ್ಟೆಂಬುದೇ ಮುಖ್ಯ. ಅಡಿಲೇಡಿನಲ್ಲಿ ಫುಡ್‌ಬ್ಯಾಂಕಿನವರ ‘ಫುಡ್ ಹಬ್’ಗಳಿವೆ, ಬೌಡನ್‌ನಲ್ಲಿ ಒಂದು, ನಮ್ಮಿಂದ ಗಾಲರ್ ರೈಲುಮಾರ್ಗದಲ್ಲಿ ಉತ್ತರಕ್ಕೆ ಹೋದರೆ ಎಲಿಜಬೆತ್‌ನಲ್ಲಿ ಒಂದು. ಸೂಪರ್‌ಮಾರ್ಕೆಟ್ಟಿನಂತೆಯೇ ಗಾಡಿ ತಳ್ಳಿಕೊಂಡು ಬೇಕಾದುದನ್ನು ಆರಿಸಿಕೊಳ್ಳಬಹುದು. ಇಂತಹ ಸಂಸ್ಥೆಯೊಂದರಿಂದ ಶಿಫಾರಸು ಪಡೆದು ಹೋಗುವುದು ಸಾಮಾನ್ಯ ಕ್ರಮ. ಪರ್ತ್ ಮತ್ತು ಬ್ರಿಸ್ಬೇನ್ ಸದಸ್ಯರಿಗೂ ಅವರವರ ರಾಜ್ಯದ ಫುಡ್‌ಬ್ಯಾಂಕುಗಳಿವೆ. ಹತ್ತಿರದ ನೆರವನ್ನು ‘ಆಸ್ಕ್ ಇಜ್ಜಿ’ ಎಂಬ ಜಾಲತಾಣದಲ್ಲಿ, ಹೆಸರು ಹೇಳದೆಯೇ, ಊರಿನ ಪಿನ್‌ಕೋಡ್ ನಮೂದಿಸಿ ಹುಡುಕಬಹುದು.

ಇಲ್ಲಿ ನಮ್ಮವರಿಗೆ ಎರಡು ಭಯಗಳು. ಒಂದು, ಇದರಿಂದ ಪಿಆರ್ ಸಿಗದೆ ಹೋದೀತೆಂಬುದು. ಈ ಭಯ ಅಮೆರಿಕದಿಂದ ವಾಟ್ಸ್‌ಆಪಿನಲ್ಲಿ ಬಂದದ್ದು. ಅಲ್ಲಿ 2020ರ ಫೆಬ್ರವರಿಯಿಂದ 2021ರ ಮಾರ್ಚಿಯವರೆಗೆ, ಸರ್ಕಾರದ ಆಹಾರ ನೆರವು ಪಡೆದದ್ದನ್ನು ಗ್ರೀನ್ ಕಾರ್ಡಿನ ಅರ್ಜಿಯಲ್ಲಿ ಲೆಕ್ಕಕ್ಕೆ ಹಿಡಿಯುವ ನಿಯಮವಿತ್ತು. ಡಲ್ಲಾಸಿನ ಭಾವಮೈದುನ ಹೇಳಿದ ಎಚ್ಚರಿಕೆ ಅಂದು ಅಲ್ಲಿಗೆ ಸರಿಯಿತ್ತು; ಅಡಿಲೇಡಿನ ದಿನಸಿ ಪೊಟ್ಟಣಕ್ಕೆ ಅದು ಸಲ್ಲದು. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ತಂದೆತಾಯಿಯರನ್ನು ಕಾಂಟ್ರಿಬ್ಯೂಟರಿ ಪೇರೆಂಟ್ ವೀಸಾದಲ್ಲಿ ಕರೆಸಿಕೊಂಡವರು ‘ಅಶ್ಯೂರೆನ್ಸ್ ಆಫ್ ಸಪೋರ್ಟ್’ ಪತ್ರಕ್ಕೆ ಸಹಿ ಹಾಕಿರುತ್ತಾರೆ. ಆ ಅವಧಿಯಲ್ಲಿ ತಂದೆತಾಯಿಯರು ಸೆಂಟರ್‌ಲಿಂಕಿನಿಂದ ಕೆಲವು ಭತ್ಯೆಗಳನ್ನು ಪಡೆದರೆ ಸಹಿ ಹಾಕಿದವರೇ ಹಿಂದಿರುಗಿಸಬೇಕಾಗುತ್ತದೆ. ದಾನಸಂಸ್ಥೆಯವರು ಕೊಟ್ಟ ಅಕ್ಕಿಬೇಳೆಗೆ ಅದು ಅನ್ವಯಿಸುವುದಿಲ್ಲ.

ಎರಡನೆಯದು ಮರ್ಯಾದೆಯ ಭಯ, ಇದು ಮೊದಲಿನದಕ್ಕಿಂತ ಗಟ್ಟಿ. ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ ನಾವೆಲ್ಲರೂ ಸಾಲಿನಲ್ಲಿ ಕುಳಿತು ಉಂಡವರೇ. ಪಕ್ಕದಲ್ಲಿ ಯಾರು ಕುಳಿತರೆಂದು ನೋಡಲಿಲ್ಲ, ದುಡ್ಡು ಕೊಟ್ಟೆವೇ ಎಂದು ಲಜ್ಜೆಪಡಲಿಲ್ಲ. ದಾಸೋಹವೆಂಬ ಮಾತನ್ನು ಹುಟ್ಟುನುಡಿಯಲ್ಲಿಟ್ಟುಕೊಂಡವರು ಚರ್ಚಿನ ಹಿಂಬಾಗಿಲಲ್ಲಿ ಒಂದು ಚೀಲ ಬೇಳೆ ಪಡೆಯುವಾಗ ಮಾತ್ರ ಭೂಮಿಗಿಳಿದು ಹೋಗುವುದೇಕೆ? ವ್ಯತ್ಯಾಸ ಊಟದಲ್ಲಿಲ್ಲ, ಫಾರಂನಲ್ಲಿದೆ. ಮಠದಲ್ಲಿ ನಾವು ಅತಿಥಿಗಳು, ಇಲ್ಲಿ ಅರ್ಜಿದಾರರು. ಸಿಖ್ ಬಂಧುಗಳಿಗೆ ಈ ತೊಡಕು ಕಡಿಮೆ. ಗುರುದ್ವಾರದ ಲಂಗರ್‌ನಲ್ಲಿ ಕಾರು ನಿಲ್ಲಿಸಿ ಬಂದವರೂ ಬಸ್ಸಿಳಿದು ಬಂದವರೂ ಒಂದೇ ನೆಲದ ಮೇಲೆ ಕೂರುತ್ತಾರೆ. ನಮ್ಮ ಕನ್ನಡದ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ವಾರಾಂತ್ಯದ ಊಟಕ್ಕೆ ಅಲ್ಲಿಗೆ ಹೋಗುತ್ತಾರೆಂಬುದು ನಮ್ಮ ಸಂಘಗಳ ಪದಾಧಿಕಾರಿಗಳಿಗೆ ತಿಳಿದಿರಲಿ.

‘ಹಣವಿದೆಯೆಂದು ತೋರಿಸಿಯೇ ಬಂದಿದ್ದಾರಲ್ಲ, ಯೋಚಿಸಿ ಬರಬೇಕಿತ್ತು’ ಎನ್ನುವ ಹಿರಿಯರಿದ್ದಾರೆ. ವಿದ್ಯಾರ್ಥಿ ವೀಸಾಕ್ಕೆ ತೋರಿಸಬೇಕಾದ ಜೀವನವೆಚ್ಚ 2024ರ ಮೇ 10ರಿಂದ ವರ್ಷಕ್ಕೆ 29,710 ಡಾಲರ್. ನಿಜ. ಆ ಮೊತ್ತ ಅನೇಕ ಮನೆಗಳಲ್ಲಿ ಜಮೀನಿನ ಮೇಲಿನ ಸಾಲ. ತಂದೆ ಆಸ್ಪತ್ರೆ ಸೇರಿದರೆ ಅದೇ ಹಣ ಊರಿಗೆ ಹಿಂದಿರುಗುತ್ತದೆ. ತರಗತಿಗಳು ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಕೋವಿಡ್ ವರ್ಷ ಯಾರು ಯೋಚಿಸಿ ಬಂದಿದ್ದರು? 2020ರಲ್ಲಿ ಜಾಬ್‌ಕೀಪರ್ ನೆರವಿನಿಂದ ತಾತ್ಕಾಲಿಕ ವೀಸಾದವರನ್ನು ಹೊರಗಿಡಲಾಯಿತು, ಊರಿಗೆ ಹಿಂದಿರುಗಿ ಎಂದು ಪ್ರಧಾನಿಗಳೇ ಹೇಳಿದರು. ಹೋಗಲು ವಿಮಾನವೇ ಇರಲಿಲ್ಲ.

ಮತ್ತೊಂದು ಸಂಗತಿಯನ್ನು ವೈದ್ಯರಾಗಿ ಹೇಳದೆ ಇರಲಾಗದು. ಮನೆಯಲ್ಲಿ ಸಂಬಳ ಬರುತ್ತಿದ್ದರೂ ದಿನಸಿಗೆ ಹಣ ಕೊಡದೆ ಹೆಂಡತಿಯನ್ನು ಹಿಡಿತದಲ್ಲಿಡುವುದು ಬಡತನವಲ್ಲ, ಹಿಂಸೆ. ಪಾರ್ಟ್‌ನರ್ ವೀಸಾದಲ್ಲಿರುವ ಹೆಣ್ಣುಮಕ್ಕಳಿಗೆ ವಲಸೆ ಕಾನೂನಿನಲ್ಲಿ ಇಂತಹ ಸಂದರ್ಭಕ್ಕಾಗಿಯೇ ರಕ್ಷಣೆಯ ವಿಧಿಗಳಿವೆ. 1800 737 732 ಹಗಲೂ ರಾತ್ರಿ ಉತ್ತರಿಸುವ ಸಂಖ್ಯೆ. ಇಂಗ್ಲಿಷ್ ತೊಡಕಾದರೆ 131 450ರ ಮೂಲಕ ದುಭಾಷಿಯನ್ನು ಕೇಳಬಹುದು. ಗಂಡನನ್ನೋ ಸಂಘದ ಪರಿಚಯಸ್ಥರನ್ನೋ ದುಭಾಷಿಯಾಗಿ ಕೂರಿಸಬೇಡಿ.

ಸಂಘ ಸಾಂಸ್ಕೃತಿಕ ಸಂಸ್ಥೆ, ಗಂಜಿಕೇಂದ್ರವಲ್ಲ ಎಂಬ ಆಕ್ಷೇಪವನ್ನು ನಾವು ಗೌರವಿಸುತ್ತೇವೆ. ನಾಟಕ, ನೃತ್ಯ, ಕನ್ನಡ ಶಾಲೆ ಯಾವುದೂ ನಿಲ್ಲಬೇಕಾಗಿಲ್ಲ. ಆದರೆ ಯುಗಾದಿಯ ಊಟಕ್ಕೆ ಹತ್ತಿಪ್ಪತ್ತು ಟಿಕೆಟ್ಟುಗಳನ್ನು ದರವಿಲ್ಲದೆ, ಕಾರಣ ಕೇಳದೆ, ನೋಂದಣಿಯ ಪಟ್ಟಿಯಲ್ಲಿ ಬೇರೆಯಾಗಿ ಕಾಣದಂತೆ ಕೊಡಬಹುದು. ಅರ್ಜಿ ತುಂಬಲು ಪಕ್ಕದಲ್ಲಿ ಕೂರಬಲ್ಲ ಇಬ್ಬರನ್ನು, ಅವರಲ್ಲಿ ಒಬ್ಬರು ಮಹಿಳೆ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನೇಮಿಸಬಹುದು. ಅವರು ಕಾರ್ಯಕಾರಿ ಸಮಿತಿಗೂ ಯಾರ ಹೆಸರನ್ನೂ ಹೇಳಬಾರದು. ಈ ಗೋಪ್ಯತೆಯ ನಿಯಮವಿಲ್ಲದಿದ್ದರೆ ಯೋಜನೆಯೇ ಬೇಡ, ಏಕೆಂದರೆ ಯಾರೂ ಬರುವುದಿಲ್ಲ.

ಮತ್ತು ಬಾಗಿಲ ಬಳಿಯ ಆ ಪೆಟ್ಟಿಗೆ. ಅದಕ್ಕೆ ಬೀಳುವುದು ಹೆಚ್ಚಾಗಿ ಟ್ಯೂನಾ ಮೀನು, ಪಾಸ್ತಾ ಮತ್ತು ಸೂಪಿನ ಡಬ್ಬಿಗಳು. ಶಾಕಾಹಾರಿ ಕುಟುಂಬವೊಂದು ಫುಡ್ ಹಬ್ಬಿಗೆ ಧೈರ್ಯ ಮಾಡಿ ಹೋದರೂ ಅರ್ಧ ಗಾಡಿ ಖಾಲಿಯಾಗಿಯೇ ಮರಳುತ್ತದೆ. ಈ ವರ್ಷ ತೊಗರಿಬೇಳೆ, ಹೆಸರುಬೇಳೆ, ರಾಗಿಹಿಟ್ಟು, ಅವಲಕ್ಕಿ, ಡಬ್ಬಿಯಲ್ಲಿನ ಕಡಲೆಕಾಳು ತನ್ನಿ. ತೆರೆಯದ ಪೊಟ್ಟಣ, ಇಂಗ್ಲಿಷಿನಲ್ಲಿ ಪದಾರ್ಥಗಳ ಪಟ್ಟಿ, ಮುಗಿಯುವ ದಿನಾಂಕಕ್ಕೆ ಕನಿಷ್ಠ ಮೂರು ತಿಂಗಳಿರಲಿ. ಮನೆಯಲ್ಲಿ ಬೇಯಿಸಿದ ಅಡುಗೆ, ಬಿಡಿಯಾಗಿ ಕಟ್ಟಿದ ಸಾಂಬಾರ ಪುಡಿ ಬೇಡ.