ಹೆಸರೊಂದು, ಕಾಲಂ ಮೂರು

ತಂಗಿ ಪರದೇಶದಲ್ಲಿ ಬಸುರಿಯಾದಳು. ಬಾಣಂತನಕ್ಕೆ ಅಮ್ಮ ಹೋಗಬೇಕು. ಚಟ್ನಿಪುಡಿ, ಬಾಣಂತಿ ಲೇಹ್ಯ, ಕೂಸಿಗೆ ಸುತ್ತಲು ಹಳೆಯ ಮೆತ್ತನೆಯ ಸೀರೆಯ ತುಂಡುಗಳು, ಎಲ್ಲ ಸಿದ್ಧವಾದವು. ಸಿದ್ಧವಾಗದೆ ಉಳಿದದ್ದು ಅಮ್ಮನ ಹೆಸರು.

ಟಿಕೆಟ್ ತೆಗೆಯಲು ಕಂಪ್ಯೂಟರಿನ ಮುಂದೆ ಕುಳಿತೆ. ‘ಮೊದಲ ಹೆಸರು’ ಎಂದು ಕೇಳಿತು, ಬರೆದೆ. ‘ಕೊನೆಯ ಹೆಸರು’ ಎಂದು ಕೇಳಿತು. ಅಮ್ಮನಿಗೆ ಇರುವುದೇ ಒಂದು ಹೆಸರು, ‘ಅಮ್ಮ’ ಎಂದು ಮುಗಿಯುವ ಒಂದೇ ಪದ. ಪಾಸ್‌ಪೋರ್ಟಿನಲ್ಲೂ ಹಾಗೇ ಇದೆ. ಕಾಲಂ ಖಾಲಿ ಬಿಟ್ಟರೆ ‘ಇದು ಕಡ್ಡಾಯ’ ಎಂದು ಕೆಂಪಕ್ಷರ. ಚುಕ್ಕಿ ಇಟ್ಟರೆ ‘ಇದು ಸರಿಯಾದ ಹೆಸರಲ್ಲ’ ಎಂಬ ಬುದ್ಧಿವಾದ. ಬೇಸತ್ತು ಅಪ್ಪನ ಹೆಸರು ಹಾಕಿದೆ, ಟಿಕೆಟ್ ಬಂತು. ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಟಿಕೆಟನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟುಕೊಂಡು, ‘ಇವರು ಅವರೇ ಅನ್ನೋದಕ್ಕೆ ಏನು ಸಾಕ್ಷಿ?’ ಎಂದಳು. ಅಮ್ಮ ಆ ದಿನ ಹೋಗಲಿಲ್ಲ. ಅಜ್ಜಿ ತಲುಪುವ ಮುಂಚೆಯೇ ಮೊಮ್ಮಗಳು ಹುಟ್ಟಿದಳು.

ಇದನ್ನು ಹೇಳಿಕೊಂಡಾಗ ತಿಳಿದವರೊಬ್ಬರು ನಕ್ಕು, ‘ನಿಮ್ಮ ತಾಯಿಯವರ ಹೆಸರಿನಲ್ಲೇ ಒಂದು ಕೊರತೆ ಇದೆಯಲ್ಲ, ಅಫಿಡವಿಟ್ ಮಾಡಿಸಿಬಿಡಿ’ ಎಂದರು. ನನ್ನ ಜಗಳ ಈ ಮಾತಿನೊಂದಿಗೆ. ಅರವತ್ತೆಂಟು ವರ್ಷ ಊರೆಲ್ಲ ಕರೆದ ಹೆಸರಿನಲ್ಲಿ ಕೊರತೆ ಎಲ್ಲಿಂದ ಬಂತು? ಕೊರತೆ ಇರುವುದು ಆ ಕಾಲಮ್ಮಿನಲ್ಲಿ.

ಹೆಸರನ್ನು ಹೀಗೆ ಕತ್ತರಿಸಬೇಕೆಂದು ಯಾರೋ ಒಬ್ಬರು ತಮ್ಮ ಮನೆಯ ಪದ್ಧತಿ ನೋಡಿಕೊಂಡು ತೀರ್ಮಾನಿಸಿದರು. ಮೊದಲು ಸ್ವಂತ ಹೆಸರು, ಕೊನೆಗೆ ಮನೆತನದ ಹೆಸರು. ಮದುವೆಯಾದ ಹೆಂಗಸಿಗೆ ಗಂಡನ ಮನೆತನದ್ದು. ಈಗ ಜಗತ್ತೆಲ್ಲ ಆ ಅಚ್ಚಿನಲ್ಲಿ ತಲೆ ತೂರಿಸಬೇಕು. ನಮ್ಮ ಹಳೇ ಮೈಸೂರಿನ ಕಡೆ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಇಂದು ಇಂಥ ಒಂದು ಅರ್ಜಿ ತುಂಬಿದ್ದರೆ ಮರುದಿನ ‘ಪ್ರಿಯ ಕುಪ್ಪಳಿ’ ಎಂದು ಪತ್ರ ಬರುತ್ತಿತ್ತು! ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಉಂಟು, ಅವರು ಹೇಗೋ ಪಾರಾಗುತ್ತಾರೆ. ಒಂದೇ ರಾಜ್ಯದ ಎರಡು ಪದ್ಧತಿಯೇ ಹಿಡಿಸದ ಅಚ್ಚಿಗೆ ಜಗತ್ತು ಹಿಡಿಸುತ್ತದೆಯೇ?

ಇಂಡೊನೇಷ್ಯಾದ ಸುಕರ್ನೊ, ಸುಹಾರ್ತೊ ಇಬ್ಬರೂ ಒಂದೇ ಹೆಸರಿನವರು. ಒಂದು ಹೆಸರಿಟ್ಟುಕೊಂಡೇ ದೇಶದ ಅಧ್ಯಕ್ಷರಾದರು. ಚೀನೀಯರು ಮನೆತನದ ಹೆಸರನ್ನೇ ಮೊದಲು ಹೇಳುತ್ತಾರೆ. ಸ್ಪೇನಿನಲ್ಲಿ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು, ಎರಡು ಮನೆತನದ ಹೆಸರು. ಮದುವೆಯಾದರೂ ಹೆಂಗಸು ಅದನ್ನು ಬಿಡುವುದಿಲ್ಲ. ಐಸ್‌ಲೆಂಡಿನಲ್ಲಿ ಬಹುಪಾಲು ಜನಕ್ಕೆ ಮನೆತನದ ಹೆಸರೇ ಇಲ್ಲ. ಅಲ್ಲಿ 1980ರಲ್ಲಿ ರಾಷ್ಟ್ರಾಧ್ಯಕ್ಷೆಯಾಗಿ ಆರಿಸಿಬಂದ ವಿಗ್ದಿಸ್ ಫಿನ್‌ಬೋಗದೋತ್ತಿರ್ ಹೆಸರಿನ ಅರ್ಥ, ಫಿನ್‌ಬೋಗಿಯ ಮಗಳು ವಿಗ್ದಿಸ್. ಇವರೆಲ್ಲರ ಹೆಸರಿನಲ್ಲೂ ಕೊರತೆಯೇ?

ಇದು ಟಿಕೆಟ್ಟಿನ ತಾಪತ್ರಯವಷ್ಟೇ ಅಲ್ಲ. ಒಂದೇ ಹೆಸರಿನವರಿಗೆ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಹಾಗೆಂದರೆ ‘ಮೊದಲ ಹೆಸರು ಗೊತ್ತಿಲ್ಲ’. ಗೊತ್ತಿರುವ ಒಂದೇ ಹೆಸರನ್ನು ಪಕ್ಕದ ಕಾಲಮ್ಮಿಗೆ ತಳ್ಳಿ, ಹೆಸರೇ ಗೊತ್ತಿಲ್ಲ ಎನ್ನುವುದು! 2022ರ ನವೆಂಬರಿನಲ್ಲಿ ಯುಎಇ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಪ್ರವಾಸಿಗಳನ್ನು ಒಳಬಿಡುವುದಿಲ್ಲ ಎಂದಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕೆಂಬ ವಿವರಣೆ ಆಮೇಲೆ ಬಂತು. ಅಷ್ಟರಲ್ಲಿ ಎಷ್ಟು ತಾಯಂದಿರ ಎದೆ ಹೊಡೆದುಕೊಂಡಿತೋ.

‘ಕಂಪ್ಯೂಟರಿಗೆ ಹೀಗೇ ಬೇಕು, ಏನು ಮಾಡುವುದು?’ ಎನ್ನುವವರಿದ್ದಾರೆ. ಕಂಪ್ಯೂಟರಿಗೆ ಏನೂ ಬೇಡ. ನಾವು ಹೇಳಿದ್ದನ್ನು ಅದು ಇಟ್ಟುಕೊಳ್ಳುತ್ತದೆ. ಜನರ ಹೆಸರು ವಿಳಾಸಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸಲು ‘ವಿಕಾರ್ಡ್’ ಎಂಬ ಅಂತರರಾಷ್ಟ್ರೀಯ ಮಾದರಿಯೊಂದಿದೆ. ಅದರ 1998ರ ಆವೃತ್ತಿಯಲ್ಲಿ ಇಡೀ ಹೆಸರೂ ಬೇಕಿತ್ತು, ತುಂಡು ಮಾಡಿದ ಹೆಸರೂ ಬೇಕಿತ್ತು. 2011ರ ಆವೃತ್ತಿಯಲ್ಲಿ ಇಡೀ ಹೆಸರು ಮಾತ್ರ ಕಡ್ಡಾಯ. ತುಂಡುಗಳು ಬೇಕಾದವರಿಗೆ ಮಾತ್ರ. ಲಿಂಗ ಯಾವುದೆಂಬಲ್ಲಿಯೂ ಗಂಡು ಹೆಣ್ಣು ಎಂಬ ಎರಡರ ಜೊತೆಗೆ ಬೇರೆ ಉತ್ತರಗಳಿಗೆ, ಸ್ವಂತ ಮಾತಿನ ಉತ್ತರಕ್ಕೂ ಎಡೆ ಮಾಡಿದರು. ನಮ್ಮ ಆಧಾರ್ ಅರ್ಜಿಯಲ್ಲೂ ಪೂರ್ಣ ಹೆಸರಿಗೆ ಇರುವುದು ಒಂದೇ ಜಾಗ. ಅಂದರೆ ದಾರಿ ಗೊತ್ತಿಲ್ಲದೆ ತಪ್ಪುತ್ತಿಲ್ಲ. ದಾರಿ ತೋರಿಸಿದ ಮೇಲೂ ಹಳೆಯ ಅಚ್ಚನ್ನೇ ನಕಲು ಹೊಡೆಯುವ ಸೋಮಾರಿತನ ಇದು.

‘ಹೆಂಗಸರಿಗೆ ಇದಕ್ಕಿಂತ ದೊಡ್ಡ ಕಷ್ಟಗಳಿಲ್ಲವೇ?’ ಎಂದೂ ಕೇಳುತ್ತಾರೆ. ಇವೆ. ಆದರೆ ಆ ಕಷ್ಟಗಳಿಗೆ ಪರಿಹಾರ ಕೇಳಲು ಹೋದರೂ ಮೊದಲು ಒಂದು ಅರ್ಜಿ ತುಂಬಬೇಕು. ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆಯ ಇನಿಷಿಯಲ್, ಪಡಿತರ ಚೀಟಿಯಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಗುಮಾಸ್ತರಿಗೆ ತೋಚಿದ ಹೆಸರು. ಗಂಡಸಿನ ಹೆಸರು ಹುಟ್ಟಿನಿಂದ ಸಾವಿನವರೆಗೆ ಒಂದೇ. ನಾವು ಮಾತ್ರ ಮೂರು ಕಾಗದದಲ್ಲಿ ಮೂರು ಹೆಂಗಸರು. ವಿಧವಾ ವೇತನಕ್ಕೆ ಹೋದವಳಿಗೆ, ವಿಚ್ಛೇದನದ ನಂತರ ಸ್ವಂತ ಖಾತೆ ತೆರೆಯಲು ಹೋದವಳಿಗೆ, ಈ ಮೂವರೂ ಒಬ್ಬಳೇ ಎಂದು ಸಾಬೀತು ಮಾಡುವ ಕೆಲಸ ಬೇರೆ.

ತಪ್ಪೆಲ್ಲ ಯಂತ್ರ ಮಾಡಿಸಿದವರದು ಎಂದು ಕೈ ತೊಳೆದುಕೊಳ್ಳಲಾರೆ. ಮದುವೆಯ ದಿನ ಅಕ್ಕಿಯ ಮೇಲೆ ಸೊಸೆಗೆ ಹೊಸ ಹೆಸರು ಬರೆಸಿದ ಮನೆಗಳು ನಮ್ಮಲ್ಲೇ ಇವೆ. ‘ಶ್ರೀಮತಿ’ಯೋ ‘ಕುಮಾರಿ’ಯೋ ಎಂದು ಮೊದಲು ಕೇಳಿದವರು ನಾವೇ. ಆದರೆ ಅತ್ತೆಮನೆಯಲ್ಲಿ ಕೂತು ವಾದಿಸಬಹುದಿತ್ತು. ಕೆಂಪಕ್ಷರದೊಂದಿಗೆ ವಾದ ಎಲ್ಲಿಯದು?

ಹಾಗೆಂದು ಅರ್ಜಿಗಳು ಬದಲಾಗುವುದೇ ಇಲ್ಲವೆಂದಲ್ಲ. ನಮ್ಮ ಪಾಸ್‌ಪೋರ್ಟಿನ ನಿಯಮವನ್ನು 2016ರ ಡಿಸೆಂಬರಿನಲ್ಲಿ ಸಡಿಲಿಸಿದರು. ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು, ವಿಚ್ಛೇದನವಾದವಳು ಗಂಡನ ಹೆಸರು ಬರೆಯಬೇಕಿಲ್ಲ ಎಂದರು. ಕೇಳಿದವರಿದ್ದರು, ಬದಲಾಯಿತು.

ಆದ್ದರಿಂದ ನಾನೂ ಕೇಳುತ್ತೇನೆ. ಹೆಸರಿಗೆ ಒಂದೇ ಜಾಗ ಕೊಡಿ, ಅದು ಉದ್ದವಾಗಿರಲಿ. ಕನ್ನಡದಲ್ಲಿ ಬರೆದರೆ ತಪ್ಪೆನ್ನಬೇಡಿ. ಜಗತ್ತಿನ ಲಿಪಿಗಳನ್ನೆಲ್ಲ ಕೂಡಿಸುವ ಯುನಿಕೋಡಿನಲ್ಲಿ 1991ರಿಂದಲೂ ಕನ್ನಡವಿದೆ. ‘ನಿಮ್ಮನ್ನು ಏನೆಂದು ಕರೆಯಲಿ?’ ಎಂದು ಇನ್ನೊಂದು ಪ್ರಶ್ನೆ ಹಾಕಿ, ಎದುರು ಮನೆಯವರು ಕೇಳುವಂತೆ. ಹುಟ್ಟಿದ ವರ್ಷವಷ್ಟೇ ಗೊತ್ತಿರುವ ಅಜ್ಜಿಗೆ ವರ್ಷ ಬರೆದರೆ ಸಾಕೆನ್ನಿ, ಮೇಷ್ಟ್ರು ಕೊಟ್ಟ ಜೂನ್ 1ನ್ನು ಮತ್ತೆ ಬರೆಸಬೇಡಿ. ಟಿಕೆಟ್ ಮಾರುವುದಕ್ಕೆ, ಸೀರೆ ಮಾರುವುದಕ್ಕೆ ನನಗೆ ಮದುವೆಯಾಗಿದೆಯೇ ಎಂದು ತಿಳಿಯಬೇಕಾಗಿಲ್ಲ. ಬೇಡದ್ದನ್ನು ಕೇಳಲೇಬೇಡಿ.

ಮೊಮ್ಮಗಳಿಗೆ ಅಮ್ಮನ ಹೆಸರನ್ನೇ ಇಟ್ಟಿದ್ದಾರೆ. ಮೊನ್ನೆ ಫೋನಿನಲ್ಲಿ ತಂಗಿ, ‘ಜೊತೆಗೆ ಏನಾದರೂ ಸೇರಿಸಬೇಕಂತೆ ಕಣೇ, ಅರ್ಜಿ ಮುಂದಕ್ಕೇ ಹೋಗಲ್ಲ’ ಎಂದಳು. ‘ಯಾಕೆ ಸೇರಿಸಬೇಕು ಕೇಳು, ಬಿಡಬೇಡ’ ಎಂದಿದ್ದೇನೆ.