ಪಂತುಲು ಹಾಡಿದ್ದು ಸೋತವರನ್ನು

ಬಿ.ಆರ್. ಪಂತುಲು ಅವರ ಅತ್ಯುತ್ತಮ ಚಿತ್ರಗಳು ಯಾವುವು ಎಂದು ನಮ್ಮಲ್ಲಿ ಕೇಳಿದರೆ ಬರುವ ಉತ್ತರ ಗೊತ್ತಿರುವುದೇ. ಮೊದಲು ‘ಶ್ರೀ ಕೃಷ್ಣದೇವರಾಯ’ (1970), ಆಮೇಲೆ ‘ಕಿತ್ತೂರು ಚೆನ್ನಮ್ಮ’ (1961), ಹಿರಿಯರು ಯಾರಾದರೂ ಪಕ್ಕದಲ್ಲಿದ್ದರೆ ‘ಸ್ಕೂಲ್ ಮಾಸ್ಟರ್’ (1958). ಇದೇ ಪ್ರಶ್ನೆಯನ್ನು ತಮಿಳರಿಗೆ ಕೇಳಿದರೆ ‘ವೀರಪಾಂಡಿಯ ಕಟ್ಟಬೊಮ್ಮನ್’ (1959), ‘ಕಪ್ಪಲೋಟ್ಟಿಯ ತಮಿಳನ್’ (1961), ‘ಕರ್ಣನ್’ (1964) ಎನ್ನುತ್ತಾರೆ. ಕೋಲಾರ ಸೀಮೆಯಲ್ಲಿ ಹುಟ್ಟಿ ಮದ್ರಾಸಿನಲ್ಲಿ ಚಿತ್ರ ಕಟ್ಟಿದ ಒಬ್ಬ ನಿರ್ದೇಶಕನನ್ನು ಎರಡು ಭಾಷೆಗಳು ಪಾಲು ಮಾಡಿಕೊಂಡಿವೆ. ಈ ಪಾಲುಪಟ್ಟಿಯಲ್ಲಿ ಕಳೆದುಹೋದದ್ದು ಪಂತುಲು ಏನು ಹೇಳುತ್ತಿದ್ದರು ಎಂಬುದು.

ಈ ಚಿತ್ರಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡಿ. ಕಟ್ಟಬೊಮ್ಮನನ್ನು 1799ರಲ್ಲಿ ಕಯತ್ತಾರಿನಲ್ಲಿ ಗಲ್ಲಿಗೇರಿಸಿದರು. ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಥ್ಯಾಕರೆಯ ಪಡೆಯನ್ನು ಸೋಲಿಸಿದಳು ನಿಜ, ಆದರೆ ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ಆಕೆ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ವಿ.ಒ. ಚಿದಂಬರಂ ಪಿಳ್ಳೆ 1906ರಲ್ಲಿ ಬ್ರಿಟಿಷರಿಗೆ ಸಡ್ಡು ಹೊಡೆದು ಸ್ವದೇಶಿ ಹಡಗು ಕಂಪನಿ ಕಟ್ಟಿ, ಎರಡೇ ವರ್ಷಕ್ಕೆ ಜೈಲು ಸೇರಿ ಎತ್ತಿನಂತೆ ಗಾಣ ಎಳೆದ. ಕರ್ಣನ ಪಾಡು ಹೇಳಬೇಕಾಗಿಯೇ ಇಲ್ಲ. ಪಂತುಲು ಮತ್ತೆ ಮತ್ತೆ ಆರಿಸಿಕೊಂಡದ್ದು ಸೋತವರನ್ನು. ಒಮ್ಮೆ ಮಾಡಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಐದಾರು ವರ್ಷಗಳಲ್ಲಿ ನಾಲ್ಕು ಸಲ ಮಾಡಿದ್ದನ್ನು ದೃಷ್ಟಿಕೋನ ಎನ್ನದೆ ಬೇರೇನೆನ್ನುವುದು?

ಆದರೆ ನಾವು ಇವುಗಳನ್ನು ಉಳಿಸಿಕೊಂಡಿರುವುದು ವಿಜಯೋತ್ಸವದ ಚಿತ್ರಗಳನ್ನಾಗಿ. ಕಟ್ಟಬೊಮ್ಮನದ್ದಾಗಲಿ ಚೆನ್ನಮ್ಮನದ್ದಾಗಲಿ, ಕಪ್ಪ ಕೊಡಲಾರೆ ಎನ್ನುವ ಆ ಒಂದು ಸಂಭಾಷಣೆಯನ್ನು ಕತ್ತರಿಸಿ ಶಾಲಾ ವಾರ್ಷಿಕೋತ್ಸವಕ್ಕೂ ಮೊಬೈಲಿಗೂ ಹಂಚಿದ್ದೇವೆ. ಎರಡು ನಿಮಿಷದ ತುಣುಕಿನಲ್ಲಿ ಗರ್ಜನೆ ಇದೆ, ಅದಕ್ಕೆ ತೆತ್ತ ಬೆಲೆ ಇಲ್ಲ. ಗರ್ಜಿಸಿದವರು ಕೊನೆಗೆ ಎಲ್ಲಿಗೆ ಹೋಗಿ ತಲುಪಿದರು ಎಂಬುದನ್ನು ತೆಗೆದುಹಾಕಿದರೆ ಆ ಮಾತಿಗೆ ತೂಕವೇ ಇರುವುದಿಲ್ಲ. ಗೆಲ್ಲುವುದು ಖಾತ್ರಿ ಇರುವವನು ಕಪ್ಪ ಕೊಡಲಾರೆ ಎಂದರೆ ಅದರಲ್ಲಿ ಯಾವ ದೊಡ್ಡತನ?

ಪಂತುಲು ನಾಟಕೀಯ, ಎಲ್ಲವೂ ಕಂಪನಿ ನಾಟಕದ ಕೂಗಾಟ ಎಂಬ ಆಕ್ಷೇಪವನ್ನು ಸಿನಿಮಾ ಓದಿದವರು ಎತ್ತುತ್ತಾರೆ. ‘ಸಂಸಾರ ನೌಕೆ’ಯ (1936) ನಾಯಕನಾಗಿ ಬಂದವರಲ್ಲಿ ರಂಗಭೂಮಿ ಇಲ್ಲದಿದ್ದರೆ ಆಶ್ಚರ್ಯಪಡಬೇಕಿತ್ತು. ಕೂಗಾಟ ಇರುವುದೂ ನಿಜ. ಆದರೆ ಎಲ್ಲಿ ಕೂಗು ನಿಲ್ಲಿಸಿದರು ಎಂಬುದನ್ನು ಗಮನಿಸಬೇಕು. ‘ಕರ್ಣನ್’ ಚಿತ್ರದಲ್ಲಿ ಶಿವಾಜಿ ಗಣೇಶನ್ ಇದ್ದಾರೆ. ಸಂಭಾಷಣೆಯಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಆದರೆ ಕರ್ಣ ಬಾಣಗಳಿಂದ ನೆಲಕ್ಕೊರಗಿದಾಗ ನಿರ್ದೇಶಕ ಮಾತನ್ನು ಕಸಿದು ಹಾಡಿಗೆ ಒಪ್ಪಿಸುತ್ತಾರೆ. ಎನ್.ಟಿ. ರಾಮರಾವ್ ಅವರ ಕೃಷ್ಣ ಸಮೀಪಿಸುತ್ತಾನೆ. ಶೀರ್ಕಾಳಿ ಗೋವಿಂದರಾಜನ್ ಅವರ ದನಿ ಕೇಳುತ್ತದೆ. ಕೊಲ್ಲಿಸಿದವನೇ ಬಂದು ಹಾಡುವ ಚರಮಗೀತೆ ಅದು. ಇಡೀ ಚಿತ್ರದ ವೈಭವ ಈ ಒಂದು ಹಾಡಿನ ಮುಂದೆ ಸಪ್ಪೆ. ‘ಕಿತ್ತೂರು ಚೆನ್ನಮ್ಮ’ದಲ್ಲಿ ಎಸ್. ಜಾನಕಿ ಹಾಡಿದ್ದು ಅಕ್ಕಮಹಾದೇವಿಯ ವಚನವನ್ನು. ರಾಣಿಯ ಕಥೆಯಲ್ಲಿ ಅರಮನೆಯನ್ನೇ ಬಿಟ್ಟು ನಡೆದವಳ ಮಾತು! ‘ಕಪ್ಪಲೋಟ್ಟಿಯ ತಮಿಳನ್’ ಹಾಡುಗಳಿಗಾಗಿ ಸುಬ್ರಹ್ಮಣ್ಯ ಭಾರತಿಯ ಕವಿತೆಗಳ ಬಳಿಗೆ ಹೋಯಿತು, ಭಾರತಿಯನ್ನೇ ಪಾತ್ರವಾಗಿಯೂ ತಂದಿತು.

ನನ್ನನ್ನು ಕೇಳಿದರೆ ಪಂತುಲು ಅವರ ಅತ್ಯುತ್ತಮ ಐತಿಹಾಸಿಕ ಚಿತ್ರ ಈ ‘ಕಪ್ಪಲೋಟ್ಟಿಯ ತಮಿಳನ್’. ಬಿಡುಗಡೆಯಾದಾಗ ಅದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಯಾಕೆಂದು ಊಹಿಸುವುದು ಕಷ್ಟವಲ್ಲ. ಚಿದಂಬರಂ ಪಿಳ್ಳೆ ಜೈಲಿನಿಂದ ಹೊರಬರುವಾಗ ಹಾರ ಹಿಡಿದ ಜನಸಾಗರವಿಲ್ಲ. ಕಾಯುತ್ತಿರುವವನು ಕುಷ್ಠರೋಗದಿಂದ ಗುರುತೇ ಸಿಗದಂತಾದ ಗೆಳೆಯ ಸುಬ್ರಹ್ಮಣ್ಯ ಶಿವ. ದೇಶಕ್ಕಾಗಿ ಸವೆದವನನ್ನು ದೇಶವೇ ಮರೆತಿತ್ತು. ಈ ದೃಶ್ಯಕ್ಕೆ ಶಿಳ್ಳೆ ಹೊಡೆಯಲಾಗುವುದಿಲ್ಲ, ತಲೆ ತಗ್ಗಿಸಬೇಕಾಗುತ್ತದೆ.

ಹಾಗಾದರೆ ‘ಶ್ರೀ ಕೃಷ್ಣದೇವರಾಯ’? ರಾಜ್‌ಕುಮಾರ್ ಅವರ ಗಾಂಭೀರ್ಯವನ್ನು ಅಲ್ಲಗಳೆಯುವವನಲ್ಲ ನಾನು. ಆದರೂ ನಮ್ಮ ಪಟ್ಟಿಯಲ್ಲಿ ಮೊದಲಿರುವ ಈ ಚಿತ್ರವನ್ನು ನಾನು ಕೊನೆಗಿಡುತ್ತೇನೆ. ಆಸ್ಥಾನದ ಬೆಡಗಿನ ಮೇಲೆ ಅದಕ್ಕಿರುವ ಮೋಹ ಹೆಚ್ಚಾಯಿತು. ಒಂದು ಸಂಗತಿಯನ್ನು ಮಾತ್ರ ಮರೆಯಬಾರದು: ಪಂತುಲು ತಮಗಾಗಿ ಇಟ್ಟುಕೊಂಡದ್ದು ಮಹಾಮಂತ್ರಿ ತಿಮ್ಮರಸನ ಪಾತ್ರ. ಸಾಮ್ರಾಜ್ಯ ಕಟ್ಟಿಕೊಟ್ಟು, ಕೊನೆಗೆ ಅದೇ ರಾಯನ ಸಂಶಯಕ್ಕೆ ಕಣ್ಣು ಕಳೆದುಕೊಂಡನೆಂದು ಇತಿಹಾಸಕಾರರು ಬರೆದ ತಿಮ್ಮರಸ. ಶ್ರೇಷ್ಠ ನಟ ರಾಜ್ಯ ಪ್ರಶಸ್ತಿ ಬಂದದ್ದೂ ಆ ಪಾತ್ರಕ್ಕೇ. ಗೆದ್ದ ರಾಜನ ಚಿತ್ರದಲ್ಲೂ ಅವರ ಒಲವು ಯಾರ ಕಡೆಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇದು ಕನ್ನಡಕ್ಕೆ ಹೊಸತೇನಲ್ಲ. ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯ ಬರೆದ ಪಂಪನ ಮನಸ್ಸು ಸೋತದ್ದು ಕರ್ಣನಿಗೆ. ಭೀಮನನ್ನು ನಾಯಕನಾಗಿಸಿದ ರನ್ನ ಓದುಗರ ಎದೆಯಲ್ಲಿ ನಿಲ್ಲಿಸಿದ್ದು ದುರ್ಯೋಧನನನ್ನು. ಆಶ್ರಯ ಕೊಟ್ಟ ದೊರೆಯ ಎದುರಿಗೇ ಸೋತವನ ಘನತೆ ಹೇಳುವ ಧೈರ್ಯ ಸಾವಿರ ವರ್ಷದ ಹಿಂದೆ ನಮ್ಮ ಭಾಷೆಗಿತ್ತು. ಪಂತುಲು ಅವರ ಕರ್ಣ ತಮಿಳು ಮಾತಾಡಿದರೂ ಈ ಸಾಲಿನಲ್ಲೇ ನಿಲ್ಲುತ್ತಾನೆ. ಅವನನ್ನು ಪರಭಾಷೆಯವನೆಂದು ಪಟ್ಟಿಯಿಂದ ಹೊರಗಿಟ್ಟದ್ದು ನಮ್ಮ ನಷ್ಟ.

ಇಂದು ಐತಿಹಾಸಿಕ ಚಿತ್ರವೆಂದರೆ ಗೆಲುವಿನ ಪಟ್ಟಿ, ಎದೆ ತಟ್ಟುವ ಘೋಷಣೆ. ಸೋಲು ಬಂದರೂ ಅದಕ್ಕೆ ಒಬ್ಬ ದ್ರೋಹಿಯನ್ನು ಹುಡುಕಿ, ನಮ್ಮವರು ಸೋಲುವವರೇ ಅಲ್ಲ ಎಂದು ಸಾಧಿಸಬೇಕು. ಇಂಥ ಚಿತ್ರಗಳನ್ನೇ ನೋಡಿ ಬೆಳೆದವರು ನಾಳೆ ತಮ್ಮ ಕಣ್ಣೆದುರು ಸೋತವರನ್ನು, ನೆಲ ಕಳೆದುಕೊಂಡ ರೈತನನ್ನೋ ಕೆಲಸ ಕಳೆದುಕೊಂಡ ಕಾರ್ಮಿಕನನ್ನೋ, ಯಾವ ಕಣ್ಣಿನಿಂದ ನೋಡಿಯಾರು? ‘ಕರ್ಣನ್’ 2012ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಕಂಡಾಗ ಚೆನ್ನೈನಲ್ಲಿ ನೂರು ದಿನ ದಾಟಿ ಓಡಿತು. ಸೋತವನ ಕಥೆಗೆ ಜನರಿಲ್ಲ ಎನ್ನುವವರಿಗೆ ಇದು ಉತ್ತರ. ಕನ್ನಡದಲ್ಲೂ ‘ಕಿತ್ತೂರು ಚೆನ್ನಮ್ಮ’ವನ್ನು ಹಾಗೆ ಇಡಿಯಾಗಿ ತೆರೆಗೆ ತರಲಿ. ಕಪ್ಪದ ಮಾತಿಗೆ ಚಪ್ಪಾಳೆ ತಟ್ಟಿದವರು ಎದ್ದು ಹೋಗದೆ ಕೊನೆಯವರೆಗೂ ಕೂರಲಿ.