ಬೆಲ್ಲನಿಗೆ ಬಂದ ಉಬ್ಬಸ



ಹಪ್ಪಳ, ಸಂಡಿಗೆ ಅಂತ ಬರೆಯುತ್ತಿದ್ದವಳು ಈ ಸಲ ಹಾವಿನ ಉಬ್ಬಸದ ವಿಷಯ ತಂದಿದ್ದಾಳಲ್ಲ ಅಂತ ನಗಬೇಡಿ. ಮೊದಲು ನಾನೂ ನಕ್ಕವಳೇ. ಆಮೇಲೆ ಅಳುವ ಹಾಗಾಯಿತು.

ಹೋದ ಚಳಿಗಾಲದಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ನಾನು ಹೋಗಿ ವಾರವಾಗಿರಲಿಲ್ಲ, ಅವಳ 14 ವರ್ಷದ ಮಗ ಒಂದು ಬಟ್ಟೆ ಚೀಲ ಹಿಡಿದು ಬಂದ. ಒಳಗೆ ಹಾವು! ಬಾಲ್ ಪೈಥಾನ್ ಅಂತ ಅದರ ಹೆಸರು. ಆಫ್ರಿಕಾ ಮೂಲದ ಪುಟ್ಟ ಹೆಬ್ಬಾವು, ವಿಷವಿಲ್ಲ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ, ಅದಕ್ಕೇ ಆ ಹೆಸರು. ಮೈಬಣ್ಣ ನೋಡಿ ಹುಡುಗ "ಬೆಲ್ಲ" ಅಂತ ಕರೆದ. ಅಲ್ಲಿ ಇಂಥದ್ದನ್ನು ಬೆಕ್ಕು ನಾಯಿ ಸಾಕಿದ ಹಾಗೆ ಸಾಕ್ತಾರೆ. ಕಿಟಕಿ ಪಕ್ಕದ ಕೋಣೆಯಲ್ಲಿ ಗಾಜಿನ ತೊಟ್ಟಿ, ಅದರಡಿಯಲ್ಲಿ ಬಿಸಿಗೆ ಒಂದು ಹೀಟಿಂಗ್ ಪ್ಯಾಡ್. ನಾನಂತೂ ಆ ಕೋಣೆಯ ಹೊಸ್ತಿಲು ದಾಟಿದರೆ ಬರೀ ಕಸ ಗುಡಿಸೋದಕ್ಕೆ.

ಹತ್ತು ದಿನ ಕಳೆದಿರಬೇಕು. ಎಲ್ಲರೂ ಹೊರಗೆ ಹೋಗಿದ್ದರು. ಮನೆಯಲ್ಲಿ ನಾನು, ತಂಗಿಯ ಅತ್ತೆ ಇಬ್ಬರೇ. ಕೋಣೆಯಿಂದ ಟಿಕ್ ಟಿಕ್ ಅಂತ ಸದ್ದು, ನಡುವೆ ಸಣ್ಣ ಸೀಟಿ. ಇಣುಕಿದರೆ ಬೆಲ್ಲ ತಲೆ ಮೇಲಕ್ಕೆತ್ತಿ ಗಾಜಿಗೆ ಆತುಕೊಂಡಿದೆ, ಬಾಯಿ ಅರ್ಧ ತೆರೆದಿದೆ, ಮೂಗಿನ ಹತ್ತಿರ ಸೋಪಿನ ನೊರೆಯಂಥ ಗುಳ್ಳೆ. ಉಬ್ಬಸದ ಮಗುವನ್ನು ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ತಿರುಗಿದವಳು ನಾನು. ನನಗೆ ಅದು ಹಾವು ಅನ್ನೋದೇ ಮರೆತುಹೋಯಿತು. ಸಾಂಬ್ರಾಣಿ ಹೊಗೆ ಹಾಕಲೇ, ವಿಕ್ಸ್ ಹಚ್ಚಲೇ ಅಂತ ಫೋನಿನಲ್ಲಿ ಕೇಳಿದೆ. "ದೊಡ್ಡಮ್ಮ, ಏನೂ ಮಾಡಬೇಡಿ, ಹೊಗೆ ಅಂತೂ ಬೇಡವೇ ಬೇಡ" ಅಂತ ಹುಡುಗ ಕೂಗಿದ.

ಸಂಜೆಯೇ ಸರೀಸೃಪಗಳನ್ನು ನೋಡುವ ಡಾಕ್ಟರ ಹತ್ತಿರ ಹೋದೆವು. ಅವರು ವಿವರಿಸಿದ್ದನ್ನು ತಂಗಿ ಕನ್ನಡದಲ್ಲಿ ಹೇಳಿದಳು. ಹಾವಿಗೆ ನಮ್ಮ ಹಾಗೆ ವಪೆ ಇಲ್ಲ, ಕೆಮ್ಮಿ ಕಫ ಉಗುಳೋಕೆ ಬರೋಲ್ಲ. ಕಫ ಒಳಗೇ ನಿಲ್ಲುತ್ತೆ. ಅದಕ್ಕೇ ಉಸಿರಿಗಾಗಿ ತಲೆ ಎತ್ತೋದು. ಪೊರೆ ಬಿಡುವಾಗಲೂ ಒಂದೊಂದು ಸಲ ಸೀಟಿ ಸದ್ದು ಬರುತ್ತಂತೆ. ಆದರೆ ಗುಳ್ಳೆ ಬಂದು ಬಾಯಿ ತೆರೆದರೆ ಅದು ಕಾಯಿಲೆಯೇ. ಕಾರಣ ಬ್ಯಾಕ್ಟೀರಿಯಾ ಇರಬಹುದು, ವೈರಸ್ ಇರಬಹುದು. ಹೊಸ ಜಾಗದ ಗಾಬರಿ, ಕೊಳಕು, ಚಳಿ ಅದಕ್ಕೆ ದಾರಿ ಮಾಡಿಕೊಡುತ್ತವೆ. ಹಾವು ತನ್ನ ಮೈ ತಾನೇ ಬಿಸಿ ಮಾಡಿಕೊಳ್ಳಲಾರದು. ತೊಟ್ಟಿಯ ಒಂದು ಬದಿ 31–33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25–27 ಇರಬೇಕು. ಮೈ ತಣ್ಣಗಾದರೆ ರೋಗದ ಜೊತೆ ಹೋರಾಡುವ ಶಕ್ತಿಯೂ ಕುಗ್ಗುತ್ತೆ.

"ರಾತ್ರಿ ಬಿಸಿ ಸರಿಯಾಗಿ ಇತ್ತಾ?" ಅಂತ ಡಾಕ್ಟರು ಕೇಳಿದರು. "ಇತ್ತು" ಅಂದ ಹುಡುಗ.

ಇರಲಿಲ್ಲ ಕಣ್ರೀ. ಯಾರೂ ಮಲಗದ ಕೋಣೆಯಲ್ಲಿ ಯಾಕೆ ಕರೆಂಟು ದಂಡ ಅಂತ ದಿನಾ ರಾತ್ರಿ ಆ ಪ್ಲಗ್ ಕಿತ್ತು, ಬೆಳಗ್ಗೆ ಕಾಫಿಗೆ ಎದ್ದಾಗ ಹಾಕುತ್ತಿದ್ದವಳು ನಾನು. ನಮ್ಮೂರಿನ ಅಭ್ಯಾಸ. ಆ ಕ್ಷಣ ಬಾಯಿ ಬರಲಿಲ್ಲ. ಕಾರಿನಲ್ಲಿ ಹೇಳಿಬಿಟ್ಟೆ. ಹುಡುಗ ಮನೆ ಬರುವತನಕ ಮಾತಾಡಲಿಲ್ಲ. ಇಳಿಯುವಾಗ "ಡಾಕ್ಟರಿಗೂ ಹೇಳಬೇಕು ದೊಡ್ಡಮ್ಮ" ಅಂದ, ಅಷ್ಟೇ. ಅವನೇ ಫೋನ್ ಮಾಡಿ ಕೊಟ್ಟ, ನಾನೇ ಹೇಳಿದೆ. ರೋಗ ಬರುವಾಗಲೇ ಜೊತೆಗೆ ಬಂದಿರಬಹುದು, ಚಳಿ ಅದನ್ನು ಹೆಚ್ಚಿಸಿರಬಹುದು ಅಂದರು. ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಶ್ವಾಸನಾಳದಿಂದ ಕಫದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರು, ಎಕ್ಸ್‌ರೇ ತೆಗೆದರು. ಮೂರು ದಿನಕ್ಕೊಂದರಂತೆ ಏಳು ಇಂಜೆಕ್ಷನ್. ಎರಡು ಅಲ್ಲಿ, ಉಳಿದದ್ದು ಮನೆಯಲ್ಲಿ ತಂಗಿ ಕೊಟ್ಟಳು. ಮೈಯ ಮುಂಭಾಗದಲ್ಲೇ ಚುಚ್ಚಬೇಕಂತೆ. ಮೂರನೆಯ ಸಲ ಹಿಡಿಯೋಕೆ ಯಾರೂ ಇರಲಿಲ್ಲ. ನಾನೇ ಹಿಡಿದೆ. ತಣ್ಣಗೆ ಜಾರುತ್ತೆ ಅಂದುಕೊಂಡಿದ್ದೆ. ಒಣಗಿ, ಬೆಚ್ಚಗೆ, ರೇಷ್ಮೆ ಸೀರೆಯ ಮಡಿಕೆಯ ಹಾಗಿತ್ತು. ಕೈಯೊಳಗೆ ಅದರ ಉಸಿರು ಗೊರಗೊರ ಅನ್ನೋದು ತಿಳೀತಿತ್ತು.

ಐದನೆಯ ವಾರ ಬೆಲ್ಲ ಊಟ ಮಾಡಿತು. ಏನು ತಿಂತು ಅಂತ ಮಾತ್ರ ಅಡುಗೆ ಪತ್ರಿಕೆಯಲ್ಲಿ ಬರೆಯಲಾರೆ.

ಇಷ್ಟರಿಂದ ನಾನು ಕಲಿತದ್ದು ಇಷ್ಟು. ಮನೆಗೆ ಹೊಸ ಜೀವ ಬಂದರೆ, ಅದಕ್ಕೆ ಏನು ಬೇಕು ಅಂತ ಮನೆಯವರೆಲ್ಲ ಮೊದಲೇ ತಿಳಿದುಕೊಳ್ಳಬೇಕು, ನೆಂಟರೂ ಸೇರಿ. ಬಿಸಿಯನ್ನು ಕೈಯಿಂದ ಅಂದಾಜು ಮಾಡದೆ ಥರ್ಮಾಮೀಟರ್ ಇಡಬೇಕು. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಹೊಸದನ್ನು ಎರಡು ಮೂರು ತಿಂಗಳು ದೂರವಿಡಬೇಕು. ಮನುಷ್ಯರ ಮಾತ್ರೆ, ಮನೆಮದ್ದು ಕೂಡದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಹಾವಿನಿಂದ ಸಾಲ್ಮೊನೆಲ್ಲಾ ಬರಬಹುದು. ಅದಕ್ಕೇ ವಯಸ್ಸಾದ ಅತ್ತೆಯವರನ್ನು ಆ ಕೋಣೆಗೆ ಬಿಡುತ್ತಿರಲಿಲ್ಲ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರೂ ದೂರವೇ ಇರಬೇಕು.

ನಮ್ಮಲ್ಲಿ ನಾಗರಹಾವು, ಕೇರೆಹಾವು, ಹೆಬ್ಬಾವು ಹಿಡಿದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ನಂತರ ಬೆಲ್ಲನಂಥ ಹೊರದೇಶದ ಹಾವಿಗೂ ನೋಂದಣಿ ಬೇಕು. ಆದ್ದರಿಂದ ಮಕ್ಕಳು ಹಟ ಮಾಡಿದರೆ ಈ ಕಾಗದ ತೋರಿಸಿ.

ಇನ್ನೊಂದು ಮಾತು. ಹಾವಿಗೆ ಹಾಲು ಆಹಾರವಲ್ಲ. ಹಿಡಿದ ಹಾವಿನ ಬಾಯಿಗೆ ಹಾಲು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ಹೀಗೇ ಉಬ್ಬಸ ಹತ್ತಿ ಸಾಯಬಹುದು. ನಾಗರ ಪಂಚಮಿಗೆ ನಾನು ಮೊದಲಿನಂತೆಯೇ ಕಲ್ಲಿಗೆ ತನಿ ಎರೆಯುತ್ತೇನೆ. ಬುಟ್ಟಿಯಲ್ಲಿ ಹಾವು ಹೊತ್ತು ಬಾಗಿಲಿಗೆ ಬಂದವರಿಗೆ ಮಾತ್ರ ಹಾಲು ಕೊಡೋಲ್ಲ. ಆ ಗೊರಗೊರ ಇನ್ನೂ ಕೈಯಲ್ಲಿದೆ.